ಅಳಿಯನ ಎದುರು ಕೂರುವುದು

5-11-2012, ಸೋಮವಾರ

ಯಾರದು ಈ ಪುಸ್ತಕ ಬಿಡಿಸಿದ್ದು? ನಾಚಿಕೆ ಬೇಡವಾ? ಮುದುಕಿ ದಿಂಬಿನಡಿ ಇಟ್ಟದ್ದಕ್ಕೂ ಬೀಗ ಹಾಕಬೇಕಾ? ಮಗಳು ಸಬೀನಾಳಿಗೆ ಮೊಬೈಲು ಬಿಟ್ಟು ಬೇರೇನೂ ಓದಲು ಪುರುಸೊತ್ತಿಲ್ಲ. ಮೊಮ್ಮಗಳು ಅಸ್ನಾಳಿಗೆ ಕನ್ನಡ ಅಕ್ಷರ ಜಿಲೇಬಿಯ ಹಾಗೆ ಕಾಣುತ್ತದಂತೆ. ಉಳಿದದ್ದು ಅಳಿಯ. ಅವರು ಅಂಥವರಲ್ಲ. ಯಾರಾದರೂ ಸರಿ, ಮುಚ್ಚಿಡು. ಕಣ್ಣು ಉರಿಯಲಿ ನಿನ್ನದು.

ಬೆಳಿಗ್ಗೆ ಅಕ್ಕಿರೊಟ್ಟಿ, ನಿನ್ನೆಯ ಮೀನು ಸಾರು. ಅಳಿಯ ತಿನ್ನುವಾಗ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ, ಯಾವತ್ತಿನಂತೆ. ನಮ್ಮಲ್ಲಿ ಅತ್ತೆ ಅಳಿಯನ ಎದುರು ಕೂರುವುದಿಲ್ಲ, ನೇರ ಮಾತಾಡುವುದಿಲ್ಲ. ನನ್ನ ಉಮ್ಮ ಹಾಗಿದ್ದರು. ನಾನೂ ಹಾಗೆ.

"ಅಸ್ನಾ, ನಿನ್ನ ಉಪ್ಪನಿಗೆ ಇನ್ನೊಂದು ರೊಟ್ಟಿ ಬೇಕಾ ಕೇಳು."

"ಸಾಕಂತ ಹೇಳು ಅಸ್ನಾ."

ನಡುವೆ ಇರುವುದು ಒಂದು ಬಾಗಿಲು, ಅದೂ ಅರ್ಧ ತೆರೆದದ್ದು. ಹುಡುಗಿ ಲೋಟ ಕುಕ್ಕಿ, "ನಾನೇನು ಟೆಲಿಫೋನಾ?" ಅಂದಳು. ಬಾಯಿ ಜೋರು. ಯಾರಿಂದ ಬಂತು ಅಂತ ಕೇಳಬೇಕಾಗಿಲ್ಲ.

9-11, ಶುಕ್ರವಾರ

ಅಸ್ನಾಳಿಗೆ ಸ್ಕೂಲಲ್ಲಿ ಪ್ರಾಜೆಕ್ಟ್ — ಕುಟುಂಬ ಯಾತಕ್ಕೆ ಬೇಕು ಅಂತ. ಅದಕ್ಕೊಂದು ಪಾಠ! ಪಾಠದಲ್ಲಿ ಯಾರೋ ಬರೆದದ್ದನ್ನು ಓದಿ ಹೇಳಿದಳು. ಹೊರಗೆ ದುಡಿದು ಬಂದವನಿಗೆ ಮನೆ ಬಿಸಿನೀರ ಸ್ನಾನದ ಹಾಗಂತೆ. ದಣಿವೆಲ್ಲ ಇಳಿಯುತ್ತದಂತೆ.

"ಬರೆದವನು ಜುಲೈಯಲ್ಲಿ ಬಹರೈನಿಗೆ ಬರಲಿಲ್ಲ," ಅಂದೆ. "ಇಲ್ಲಿ ನಲ್ಲಿ ತಿರುಗಿಸಿದರೆ ಚರ್ಮ ಸುಲಿಯುತ್ತದೆ."

"ಇನ್ನೊಬ್ಬರು ಹೇಳ್ತಾರಜ್ಜಿ, ಆ ನೀರು ಕಾಯಿಸುದು ಹೆಂಗಸರು, ಅವರ ದಣಿವು ಮಾತ್ರ ಯಾರಿಗೂ ಕಾಣುದಿಲ್ಲ ಅಂತ."

"ಅವಳು ಪಾತ್ರೆ ತಿಕ್ಕಿದವಳು. ಅವಳಿಗೆ ಮಾರ್ಕು ಕೊಡು."

ಆಮೇಲೆ ಫ್ಲಾಟಿನ ಚಿತ್ರ ಬರೆದಳು. ಯಾರ ಜಾಗ ಎಲ್ಲಿ ಅಂತ. ನನಗೆ ಕಿಟಕಿ ಪಕ್ಕದ ಸೋಫಾ. ಸಬೀನಾಳಿಗೆ ಮಂಚದ ತುದಿ — ಸೀಫ್ ಪೇಟೆಯ ಆಫೀಸಿಂದ ಬಂದು ಬೀಳುವ ಜಾಗ. ಅಸ್ನಾಳಿಗೆ ಊಟದ ಮೇಜು.

"ನಿನ್ನ ಉಪ್ಪನದ್ದು?"

"ಕೇಳಿದೆ. ಕಾರು ಅಂದ್ರು."

ತಮಾಷೆಗೆ ಹೇಳಿರಬೇಕು.

12-11, ಸಂಜೆ

ತಮಾಷೆಯಲ್ಲ. ಕಿಟಕಿಯಿಂದ ನೋಡಿದೆ. ಕೆಳಗೆ ಲಾಂಡ್ರಿಯ ಪಕ್ಕ ಕಾರು. ಒಳಗೆ ಅಳಿಯ. ಸ್ಟಿಯರಿಂಗ್ ಮೇಲೆ ಪೇಪರು, ಕೈಯಲ್ಲಿ ನೆಲಗಡಲೆ ಪೊಟ್ಟಣ. ಡ್ಯೂಟಿ ಮುಗಿಸಿ ಬಂದವರಿಗೆ ಮೇಲೆ ಬರಲು ಏನು? ಚಹಾ ಮಾಡಿಟ್ಟಿದ್ದೆ. ಆರಿತು. ಮಗ್ರಿಬ್ ಬಾಂಗ್ ಆಯಿತು. ಆಗಲೂ ಬರಲಿಲ್ಲ...

21-11, ಬುಧವಾರ

ಬರೆಯಲು ಮನಸ್ಸಿರಲಿಲ್ಲ ಇಷ್ಟು ದಿನ.

ಅಳಿಯನಿಗೆ ಹಿದ್ದ್‌ನಲ್ಲಿ, ಕಂಪನಿಯ ಗೋದಾಮಿನ ಹತ್ತಿರ ರೂಮು ಕೊಡುತ್ತಾರಂತೆ. ಒಂದನೇ ತಾರೀಕಿನಿಂದ ಅಲ್ಲೇ. ಶುಕ್ರವಾರ ಮಾತ್ರ ಮನೆಗೆ. ಬೆಳಗ್ಗಿನ ಡ್ಯೂಟಿಯಂತೆ. ಹಿದ್ದ್ ಏನು ಬೇರೆ ದೇಶವಾ? ಕಾರಲ್ಲಿ ಅರ್ಧ ಗಂಟೆ.

ಸಬೀನಾ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅತ್ತಳು. ಹೊರಗೆ ಬಂದವಳಿಗೆ ನಾನು ಹೇಳಿದ್ದೇನು? "ಗಂಡನನ್ನು ಮನೆಯಲ್ಲಿ ಇಟ್ಟುಕೊಳ್ಳಲು ಬಾರದವಳು" ಎಂದು. ಅವಳು ಮುಖ ಒರೆಸಿಕೊಂಡಳು. ತಿರುಗಿ ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಹೇಳಿದವಳು ಅಸ್ನಾ. "ಉಮ್ಮನಿಗೆ ಬೈಬೇಡಿ ಅಜ್ಜಿ. ಉಪ್ಪ ಬಂದ ಕೂಡ್ಲೆ ನೀವು ಸೋಫಾ ಬಿಟ್ಟು ಅಡುಗೆಮನೆಯಲ್ಲಿ ನಿಲ್ತೀರಿ. ಅವರು ಮಲಗುವವರೆಗೆ ನಿಲ್ತೀರಿ. ಆ ಮೊಣಕಾಲು ಇಟ್ಟುಕೊಂಡು. ಡಾಕ್ಟರ್ ನಿಲ್ಲಬಾರ್ದು ಅಂದದ್ದು ಉಪ್ಪನ ಎದುರೇ ಅಲ್ವಾ? ನೀವು ಕೂತಿರಲಿ ಅಂತ ಅವರು ಕಾರಲ್ಲಿ ಕೂರುದು."

ಮರ್ಯಾದೆ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ದುಡಿದು ತಂದವನನ್ನು ಅವನದೇ ಮನೆಯಿಂದ ಹೊರಗೆ ಕೂರಿಸಿದ್ದೆ. ಊರಿನ ಮನೆಯಲ್ಲಿ ಜಗಲಿ ಉಂಟು, ನಡುಕೋಣೆ ಉಂಟು, ಹಿತ್ತಿಲು ಉಂಟು. ಅತ್ತೆ ಅತ್ತ, ಅಳಿಯ ಇತ್ತ. ಸೆಗಯಾದ ಈ ಬೆಂಕಿಪೆಟ್ಟಿಗೆಯಂಥ ಫ್ಲಾಟಿನಲ್ಲಿ ಅಡಗಲು ಎಲ್ಲಿ ಜಾಗ? ಅದು ತಲೆಗೆ ಹೋಗಲು ಮೊಮ್ಮಗಳ ಪ್ರಾಜೆಕ್ಟು ಬೇಕಾಯಿತು.

23-11, ಶುಕ್ರವಾರ

ಏಳಬಾರದು ಎಂದು ಗಟ್ಟಿ ಮಾಡಿ ಸೋಫಾದಲ್ಲಿ ಕೂತೆ. ಕುಶನ್ ಬಿಗಿಯಾಗಿ ಹಿಡಿದುಕೊಂಡೆ. ಜುಮ್ಮಾ ಮುಗಿಸಿ ಅಳಿಯ ಬಂದರು. ಬೀಗ ತಿರುಗಿದ್ದೇ ತಡ, ಕಾಲು ತಾನಾಗಿ ಎದ್ದು ನಿಂತಿತು. ಹಾಳು ಕಾಲು. ನೋವಿದ್ದರೂ ಅಭ್ಯಾಸ ಬಿಡಲಿಲ್ಲ.

ಅವರು ಚಪ್ಪಲಿ ನೋಡುತ್ತ ನಿಂತರು. "ಅಸ್ನಾ, ಅಜ್ಜಿಗೆ ಕೂರಲು ಹೇಳು. ನಾನು ಕೆಳಗಿರ್ತೇನೆ."

"ಅಸ್ನಾ, ಊಟ ತಣ್ಣಗಾಗ್ತದೆ ಅಂತ ಹೇಳು."

ಅಸ್ನಾ ಟ್ಯೂಷನ್ನಿಗೆ ಹೋಗಿದ್ದಳು, ಬಿಡಲು ಸಬೀನಾ ಕೂಡ. ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಇಲ್ಲದ ಹುಡುಗಿಯ ಹತ್ತಿರ ಮಾತಾಡಿದೆವು. ಬಾಗಿಲು ಮುಚ್ಚಿತು. ಬಿರಿಯಾನಿ ಆರಿತು.

28-11, ಬುಧವಾರ

ಬಾಗಿಲ ಬಳಿ ಬ್ಯಾಗು ಬಂದು ಕೂತಿದೆ. ಸಬೀನಾ ಅಂಗಿಗಳಿಗೆ ಇಸ್ತ್ರಿ ಹಾಕಿ ಮಡಚಿಟ್ಟಿದ್ದಾಳೆ. ಅವಳಿಗೆ ಹಾಗೆ ಅನ್ನಬಾರದಿತ್ತು ಎಂದು ಇವತ್ತು ಹೇಳಿದೆ. "ಇರಲಿ ಉಮ್ಮ," ಅಂದಳು. ಇರಲಿ ಅಂದದ್ದೇ ಚುಚ್ಚಿತು.

ಶರೀಫ್, ಮಗನೇ,

ನಿನ್ನ ಹೆಸರು ಬಾಯಿಯಿಂದ ಬರಲಿಲ್ಲ. ಕೈಯಿಂದ ಬರುತ್ತಿದೆ. ಪುಸ್ತಕವನ್ನು ನಿನ್ನ ಅಂಗಿಗಳ ಮೇಲೆ ಇಡುತ್ತೇನೆ. ಮೊದಲ ಪುಟದ ಬೈಗುಳ ನಿನಗಲ್ಲ, ಓದು. ನಾನು ನಾಲ್ಕನೇ ಕ್ಲಾಸಿನವಳು, ತಪ್ಪು ಇದ್ದರೆ ನಗಬೇಡ.

ಸೋಫಾಕ್ಕೆ ಎದುರಾಗಿ ಕುರ್ಚಿ ಹಾಕಿಸಿದ್ದೇನೆ. ಅದು ನಿನ್ನ ಜಾಗ. ನೀನು ಕೂತರೆ ನಾನೂ ಕೂರುತ್ತೇನೆ. ಎದ್ದರೆ, "ಕೂತ್ಕೊಳ್ಳಿ" ಎಂದು ನೀನೇ ಗದರಿಸು. ಗದರಿಸಿದರೆ ಕೇಳುವ ಹೆಂಗಸಲ್ಲ ನಾನು, ಆದರೂ ಗದರಿಸು.

ತಿಂಗಳು ತಿರುಗುವ ಮೊದಲು, ಹೋಗುತ್ತೀಯಾ ಇರುತ್ತೀಯಾ, ಇದರ ಕೆಳಗೇ ಉತ್ತರ ಬರಿ. ಅಸ್ನಾಳ ಕೈಯಲ್ಲಿ ಹೇಳಿ ಕಳಿಸಬೇಡ. ನನಗೇ —