ಬನಶಂಕರೆವ್ವನ ಬಲಗಣ್ಣು ಯಾರ ಕೈಯಲ್ಲಿತ್ತು?

ನೇತ್ರ ತರಬೇತಿ ವಿಭಾಗದ ಮುಖ್ಯಸ್ಥರೇ,

ನನ್ನ ಅಜ್ಜಿ ಬನಶಂಕರೆವ್ವನ ಬಲಗಣ್ಣನ್ನು ನೀವು ಇನ್ನೂ ಕಲಿಯುತ್ತಿರುವ ವೈದ್ಯರೊಬ್ಬರ ಕೈಗೆ ಕೊಟ್ಟಿರಿ. ಅವಳಿಗೆ ಹೇಳಲಿಲ್ಲ. ಕಲಿಸಬೇಕಾದ ನೀವು ಪಕ್ಕದಲ್ಲಿ ನಿಲ್ಲಲೂ ಇಲ್ಲ. ಪೊರೆ ತೆಗೆಯುವಾಗ ಅದರ ಹಿಂದಿನ ತೆಳುಪದರ ಹರಿಯಿತು. ಈಗ ಆ ಕಣ್ಣಿಗೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟೇ ತಿಳಿಯುತ್ತದೆ.

ಬೆಟಗೇರಿಯಲ್ಲಿ ನಿಮ್ಮವರು ಹಂಚಿದ ಕಣ್ಣಿನ ಶಿಬಿರದ ಕರಪತ್ರದಲ್ಲಿ ‘ನುರಿತ ತಜ್ಞರಿಂದ’ ಎಂದಿತ್ತು. ಪದರ ಹರಿದ ಮೇಲೆ “ಸರನ್ನ ಕರೀರಿ, ಜಲ್ದಿ” ಎಂದು ಆ ವೈದ್ಯ ನರ್ಸಿಗೆ ಹೇಳಿದ್ದು ಅಜ್ಜಿಗೆ ಕೇಳಿಸಿದೆ. “ಸರ್ ಮುಂಡರಗಿ ಶಿಬಿರಕ್ಕ ಹೋಗ್ಯಾರ್ರಿ” ಎಂಬ ಉತ್ತರವೂ ಕೇಳಿಸಿದೆ. ಇಲ್ಲೊಂದು ಕಣ್ಣು ಆರುತ್ತಿದ್ದಾಗ ನುರಿತ ತಜ್ಞರು ಅಲ್ಲಿ ಉದ್ಘಾಟನೆಯ ದೀಪ ಹಚ್ಚುತ್ತಿದ್ದರಲ್ಲವೇ?

ನಮ್ಮದು ನೇಕಾರರ ಮನೆ. ಹೊಸಬರು ಮಗ್ಗದಲ್ಲಿ ಹರಿದ ಎಳೆ ಕೂಡಿಸುವಾಗ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಅವರ ಕೈ ಬೆದರುತ್ತದೆಂದು. ಆದರೆ ಕಲಿಸುವವರು ಬಿಟ್ಟು ಏಳುವುದೂ ಇಲ್ಲ.

“ನೋವಾದ್ರ ಚೀರಬೇಕಿಲ್ಲೇನ ಆಯಿ?” ಎಂದು ಅಜ್ಜಿಯನ್ನು ಗದರಿದೆ.

“ಹುಡುಗನ ಕೈ ನನ್ನ ಹಣಿ ಮ್ಯಾಲ ನಡಗಾಕತ್ತಿತ್ತವ್ವ. ನಾ ಚೀರಿದ್ರ ಇನ್ನಷ್ಟು ಅಂಜತಿದ್ದ. ಮಾರಿ ಮ್ಯಾಲ ಅರಬಿ ಹೊಚ್ಚಿದ್ರು, ಏನೂ ಕಾಣಲಿಲ್ಲ. ಸರನ್ನ ಕರೀರಿ ಅನ್ನೂತನಕ ಅವನ ಗುರು ಬಾಜೂಕ ಅದಾರ ಅಂದ್ಕೊಂಡು ಹಲ್ಲು ಕಚ್ಚಿ ಮಕ್ಕೊಂಡೆ.”

ನಮ್ಮ ಮನೆಯ ಪದ್ಧತಿಯ ಅರ್ಧವನ್ನು ಅವಳು ಪಾಲಿಸಿದಳು. ಉಳಿದರ್ಧ ನಿಮ್ಮದಾಗಿತ್ತು.

ಅನುಭವಿಗಳ ಕೈಯಲ್ಲೂ ಆ ಪದರ ಹರಿಯುವುದುಂಟು ಎಂದು ಓದಿದ್ದೇನೆ. ಕಲಿಯದೆ ಯಾರೂ ವೈದ್ಯರಾಗುವುದಿಲ್ಲವೆಂದೂ ಬಲ್ಲೆ. ಹಾಗಾದರೆ ಕಲಿಯುವ ಕೈಗಳಲ್ಲಿ ಎಷ್ಟು ಕಣ್ಣು ಬೆಳಗಿದವು, ಎಷ್ಟು ಮಂಕಾದವು ಎಂದು ಹೇಳಲು ನಾಚಿಕೆಯೇಕೆ? ಪಟ್ಟಿ ಬಿಚ್ಚಿದ ದಿನ ಅಜ್ಜಿಗೆ ಕಪ್ಪು ಕನ್ನಡಕ ಹಾಕಿಸಿ, ಫೋಟೊ ತೆಗೆದು, ‘ಶಿಬಿರ ಯಶಸ್ವಿ’ ಎಂದಿರಿ. ಆ ಕನ್ನಡಕದ ಹಿಂದೆ ಏನಾಯಿತೆಂದು ಕೇಳಲು ಆಮೇಲೆ ಯಾರಾದರೂ ಬಂದರೇ?

ಬರುವ ಸೋಮವಾರ ಎಡಗಣ್ಣಿನ ಸರದಿ. ಅವಳಿಗೆ ಉಳಿದಿರುವುದು ಅದೊಂದೇ, ಅದೂ ದಿನದಿನಕ್ಕೆ ಮಸುಕಾಗುತ್ತಿದೆ. ನಾನು ಬೇರೆ ಆಸ್ಪತ್ರೆಗೆ ಹೋಗೋಣವೆಂದೆ. ಅವಳು ಒಪ್ಪಲಿಲ್ಲ. “ಆ ಹುಡುಗನ ಮಾಡ್ಲಿ. ಇಲ್ಲಾಂದ್ರ ಅವ ಮತ್ತ ಕೈ ಹಚ್ಚಾಕ ಅಂಜತಾನ. ಗುರು ಬಾಜೂಕ ನಿಂದರ್ಲಿ, ಅಷ್ಟ ಸಾಕು.”

ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಕಣ್ಣಿಗೆ ಕೈ ಹಚ್ಚುವವರು ಯಾರೆಂದು ಪ್ರತಿ ರೋಗಿಗೂ ಮೊದಲೇ ಹೇಳಿ. ಕಲಿಯುವವರ ಚಿಕಿತ್ಸೆಗಳ ಫಲಿತಾಂಶವನ್ನು ಎಲ್ಲರೂ ಓದುವಂತೆ ಪ್ರಕಟಿಸಿ. ಮತ್ತು ಸೋಮವಾರ ನೀವು ಎಲ್ಲಿಗೂ ಹೋಗಬೇಡಿ. ಬೆಳಿಗ್ಗೆ ಒಂಬತ್ತಕ್ಕೆ ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲಲ್ಲಿ ಅಜ್ಜಿಯ ಕೈ ಹಿಡಿದು ನಿಂತಿರುತ್ತೇನೆ. ನೀವು ಬಂದ ಮೇಲೆಯೇ ಆ ಕೈ ಬಿಡುತ್ತೇನೆ.

ಇಂತಿ,
ಕರಪತ್ರಗಳನ್ನು ಇನ್ನೂ ನಂಬಬೇಕೆಂದಿರುವ
ಅಂಕಿತಾ, ಬೆಟಗೇರಿ