ಧರ್ಮಾಸ್ಪತ್ರೆಗೆ ಎರಡು ಬೀಗ

ನೇಪಲ್ಸ್, ಮಾರ್ಚ್ ೧೧, ಮಂಗಳವಾರ

ಇಂದು ಬೆಳಿಗ್ಗೆ ಬೆಳ್ಳಿ ಶಿಲುಬೆ ಎಂಬ ಹಳೆಯ ಸೇವಾಸಂಘದ ನೈಟ್‌ಗಳು, ಅಂದರೆ ಧರ್ಮಯೋಧರು, ತಮ್ಮ ಧರ್ಮಾಸ್ಪತ್ರೆಗೆ ಬೀಗ ಹಾಕಿದರು. ಒಂದಲ್ಲ, ಎರಡು. ಸಿಂಹಾಸನವೇ ಇಲ್ಲದ ರಾಜವಂಶದ ಇಬ್ಬರು ದಾಯಾದಿಗಳಿಗೆ ಈ ಸಂಘದ ಯಜಮಾನಿಕೆ ಬೇಕು. ಬಾಗಿಲ ಮೇಲೆ ಯಾರ ಲಾಂಛನ ಎಂದು ತೀರ್ಮಾನವಾಗುವ ತನಕ ಒಬ್ಬರ ಕಡೆಯವರು ಇನ್ನೊಬ್ಬರ ಕಡೆಯವರನ್ನು ಒಳಗೆ ಬಿಡುವುದಿಲ್ಲವಂತೆ.

ಮೇಲಿನ ಮನೆಯ ಅಸುಂತಾ ಅಕ್ಕ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಲು ಹೋಗಿ ಹಾಗೆಯೇ ಮರಳಿದರು. ಸಕ್ಕರೆ ಕಾಯಿಲೆಯ ಹುಣ್ಣು. ದಿನ ತಪ್ಪಿದರೆ ಕಾಲೇ ಹೋಗಬಹುದು ಎಂದು ವೈದ್ಯರು ಹೇಳಿದ್ದಾರೆ.

“ರಾಜರು ಇಬ್ರಲ್ವಾ ಮೇಷ್ಟ್ರೇ, ನಂಗೂ ಕಾಲು ಎರಡಿದೆ. ಒಬ್ಬೊಬ್ರಿಗೆ ಒಂದೊಂದು ಕೊಟ್ಟು ಜಗಳ ಬಿಡಿಸ್ಲಾ?” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಕಾಲರಾ ಬಂದ ವರ್ಷ ಇದೇ ಸಂಘದ ನೈಟ್‌ಗಳು ಖಡ್ಗ ಬಿಚ್ಚಿಟ್ಟು ರೋಗಿಗಳ ಪಾದ ತೊಳೆದರು. ಅವರ ನಿಯಮಗಳಲ್ಲಿ ‘ರೋಗಿ’ ಎಂಬ ಮಾತೇ ಇಲ್ಲ, ‘ಒಡೆಯ’ ಎಂದಿದೆ. ಒಡೆಯ ಒಳಗೆ ಬಂದರೆ ರಾಜನೂ ಎದ್ದು ನಿಲ್ಲಬೇಕು.

ಮಧ್ಯಾಹ್ನ ನಾನೇ ಹೋಗಿ, ಬಾಗಿಲಲ್ಲಿ ನಿಲುವಂಗಿ ತೊಟ್ಟು ನಿಂತಿದ್ದ ನೈಟ್ ಒಬ್ಬರಿಗೆ ಹೇಳಿದೆ: “ಒಡೆಯರು ಹೊರಗೆ ನಿಂತಿದಾರಲ್ಲ ಸ್ವಾಮಿ.”

ಅವರು ಗಾಬರಿಯಿಂದ ಬೀದಿಯ ಕಡೆ ನೋಡಿದರು. “ಅಯ್ಯೋ, ಯಾರು? ನಮ್ಮವರಾ, ಆ ಕಡೆಯವರಾ?”

ನಾನು ಮನೆಗೆ ಮರಳಿದೆ. ಸಂಜೆ ಅಕ್ಕನ ಕಾಲಿಗೆ ನಾನೇ ಪಟ್ಟಿ ಕಟ್ಟಿದೆ. ಅಭ್ಯಾಸವಿಲ್ಲದೆ ಸಡಿಲವಾಯಿತು. ಅಕ್ಕ ಹಲ್ಲು ಕಚ್ಚಿಕೊಂಡರು. ಹುಣ್ಣಿನಿಂದ ವಾಸನೆ ಬರುತ್ತಿದೆ.

ದೊರೆಗಳೇ, ಭಾನುವಾರ ಪೂಜೆ ಮುಗಿದ ಮೇಲೆ ಇಬ್ಬರೂ ಇಗರ್ಜಿಯ ಚೌಕದಲ್ಲಿ ನಿಂತು ಜನರೆದುರು ಹೇಳಿ: ಆ ಕಾಲು ಹೋದರೆ, ಕತ್ತರಿಸಿದ್ದು ನಿಮ್ಮಲ್ಲಿ ಯಾರು?