312ನೇ ಕೋಣೆಯ ತಿಜೋರಿ

ಗ್ರನಾಡಾ, ಸ್ಪೇನ್ ದೇಶ
ಶನಿವಾರ, 19 ಅಕ್ಟೋಬರ್ 2024
ಮಧ್ಯಾಹ್ನ ಎರಡು ಗಂಟೆ

ಚಿ. ಸೌ. ಭವಾನಿಗೆ,

ನಿನ್ನ ಅವ್ವನ ಆಶೀರ್ವಾದಗಳು. ನಿನ್ನ ಹೆಸರಿಗೆ ಸೌಭಾಗ್ಯವತಿ ಎಂದು ಸೇರಿಸಿ ಬರೆದದ್ದು ಇದೇ ಮೊದಲ ಸಲ. ಮದುವೆಯಾಗಿ ಆರು ವರ್ಷವಾದ ಮೇಲೆ ಈಕೆಗೆ ಈಗ ಎಚ್ಚರವಾಯಿತೇ ಎಂದು ನೀನು ನಕ್ಕರೂ ಸರಿ, ಪತ್ರ ಹರಿದು ಹಾಕಿದರೂ ಸರಿ, ಹರಿಯುವ ಮುಂಚೆ ಮಾತ್ರ ಕೊನೆಯವರೆಗೆ ಓದು. ಇತ್ತ ನಾನು ಕ್ಷೇಮ ಎಂದು ಬರೆಯುವುದು ರೂಢಿ. ಅದನ್ನು ಬರೆಯಲಾರೆ. ಮೂರು ದಿನದಿಂದ ನನಗೆ ಬಹಳ ಹೆದರಿಕೆಯಾಗಿದೆ.

ಸ್ಪೇನಿನಲ್ಲಿ ಈಕೆಗೇನು ಕೆಲಸ ಎಂದು ಕೇಳುತ್ತೀ. ನಿಮ್ಮಪ್ಪ ಹೈಸ್ಕೂಲಿನಲ್ಲಿ ಇತಿಹಾಸದ ಪಾಠ ಮಾಡುವಾಗ ಕಾರ್ಡೋಬಾದ ಮಸೀದಿಯ ಕಂಬಗಳ ಚಿತ್ರ ತೋರಿಸಿ, ಇಟಗಿಯ ಗುಡಿಯ ಕಂಬ ನೋಡಿದ ಕಣ್ಣು ಇವನ್ನೂ ಒಮ್ಮೆ ನೋಡಬೇಕು ಎನ್ನುತ್ತಿದ್ದರಲ್ಲ. ನಿವೃತ್ತಿಯಾದ ವರ್ಷ ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದರು. ಅವರು ತೀರಿಕೊಂಡು ಎರಡು ವರ್ಷವಾಯಿತು. ಅವರ ಬದಲು ನಾನಾದರೂ ನೋಡಿ ಬರೋಣ ಎಂದು ಹೊರಟೆ. ಹುಬ್ಬಳ್ಳಿಯ ಟೂರಿನವರು ಕರೆತಂದಿದ್ದಾರೆ. ಮೂವತ್ತೆರಡು ಜನ, ಒಂದು ದೊಡ್ಡ ಬಸ್ಸು, ಎಲ್ಲರನ್ನೂ ನೋಡಿಕೊಳ್ಳಲು ಸಿದ್ದಲಿಂಗೇಶ ಎಂಬ ಮ್ಯಾನೇಜರು. ಅವನು ಹಳದಿ ಕೊಡೆ ಎತ್ತಿ ಹಿಡಿದು ಮುಂದೆ ನಡೆಯುತ್ತಾನೆ, ನಾವು ಹಿಂದೆ. ಪ್ರತಿ ಊರಿನಲ್ಲೂ ಬಸ್ಸು ಬಿಡುವ ಮುಂಚೆ ಕುರಿ ಎಣಿಸಿದ ಹಾಗೆ ನಮ್ಮನ್ನು ಎಣಿಸುತ್ತಾನೆ.

ಕೋಣೆಗೆ ಇಬ್ಬರು ಎಂಬುದು ಇವರ ನಿಯಮ. ನನ್ನ ಜೊತೆಗೆ ಹಾಕಿದ್ದು ಕುಷ್ಟಗಿಯ ಸೈದಾನಬಿಯವರನ್ನು. ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದವರು, ನನಗಿಂತ ಎರಡು ವರ್ಷ ಚಿಕ್ಕವರು. ನಸುಕಿನಲ್ಲಿ ಒಂದು ಮೂಲೆಯಲ್ಲಿ ಅವರ ನಮಾಜು, ಇನ್ನೊಂದು ಮೂಲೆಯಲ್ಲಿ ನನ್ನ ಪೂಜೆ. ಈ ಹೋಟೆಲುಗಳಲ್ಲಿ ಮೂಡಣ ಯಾವುದು ಪಡುವಣ ಯಾವುದು ತಿಳಿಯದೆ ಇಬ್ಬರೂ ಒದ್ದಾಡಿ, ಕೊನೆಗೆ ಅವರ ಫೋನು ತೋರಿಸಿದ ದಿಕ್ಕನ್ನೇ ಇಬ್ಬರೂ ನಂಬಿದೆವು.

ಈಗ ವಿಷಯಕ್ಕೆ ಬರುತ್ತೇನೆ. ಸೆವಿಲ್ ಎಂಬ ಊರಿನ ಹೋಟೆಲಿನಲ್ಲಿ ಲಿಂಗವನ್ನು ಬಿಟ್ಟು ಬಂದೆ. ಬರೆದುಬಿಟ್ಟೆ ನೋಡು. ಈ ಒಂದು ಸಾಲು ಬರೆಯಲು ನಾಲ್ಕು ಹಾಳೆ ಹರಿದಿದ್ದೇನೆ.

ಆ ಊರಿಗೆ ಇಳಿದ ದಿನವೇ ಸಿದ್ದಲಿಂಗೇಶ ಮೈಕಿನಲ್ಲಿ ಹೇಳಿದ್ದ: "ಜೇಬುಗಳ್ಳರು ಭಾಳ ಅದಾರ್ರಿ ಇಲ್ಲೆ. ಬಂಗಾರ, ಪಾಸ್‌ಪೋರ್ಟ್ ಎಲ್ಲಾ ಕ್ವಾಣ್ಯಾಗಿನ ತಿಜೋರ್ಯಾಗ ಇಟ್ಟು ಬರ್ರಿ." ಬೀರುವಿನೊಳಗೆ ಒಂದು ಪುಟ್ಟ ಕಬ್ಬಿಣದ ಪೆಟ್ಟಿಗೆ, ನಾಲ್ಕು ಅಂಕಿ ಒತ್ತಿದರೆ ಮುಚ್ಚುತ್ತದೆ. ಎಲ್ಲರೂ ಬಳೆ, ಸರ ಇಟ್ಟರು. ನಾನು ಕೆಂಪು ಬಟ್ಟೆಯಲ್ಲಿ ಸುತ್ತಿದ ಲಿಂಗ ಇಟ್ಟೆ. ಮರುದಿನ ಗುರುವಾರ ಏಳು ಗಂಟೆಗೆ ಬಸ್ಸು. ನಾನು ಸೀರೆಯ ನೆರಿಗೆ ಹಿಡಿಯುವಷ್ಟರಲ್ಲಿ ಕೆಳಗಿನಿಂದ ಎರಡು ಸಲ ಫೋನು ಬಂತು. ಅವಸರದಲ್ಲಿ ಹೊರಟುಬಿಟ್ಟೆ. ಮೂವತ್ತೊಂದು ವರ್ಷ ತಹಶೀಲ ಕಚೇರಿಯಲ್ಲಿ ಒಂದು ಫೈಲು ಕಳೆಯದ ನಾನು, ಇದನ್ನು ಕಳೆದೆ.

ಮೈಮೇಲೆ ಇರಬೇಕಾದ ಲಿಂಗ ತಿಜೋರಿಗೆ ಯಾಕೆ ಹೋಯಿತು ಎಂದು ನೀನು ಕೇಳಿಯೇ ಕೇಳುತ್ತೀ. ಅದನ್ನು ಈಗ ಕೇಳಬೇಡ.

ನೆನಪಾದದ್ದು ದಾರಿಯಲ್ಲಿ. ಎರಡೂ ಕಡೆ ಕಣ್ಣು ಹರಿಯುವವರೆಗೆ ಆಲಿವ್ ಗಿಡಗಳು, ನಮ್ಮ ಕಡೆಯ ದಾಳಿಂಬೆ ತೋಟದ ಹಾಗೆ ಸಾಲು ಹಿಡಿದು ನೆಟ್ಟಿದ್ದಾರೆ. ನೋಡುತ್ತ ಸುಮ್ಮನೆ ಚೀಲದಲ್ಲಿ ಕೈಯಾಡಿಸಿದೆ. ವಿಭೂತಿಯ ಗಟ್ಟಿ ಸಿಕ್ಕಿತು, ಚಿಕ್ಕ ತಂಬಿಗೆ ಸಿಕ್ಕಿತು, ಕೆಂಪು ಬಟ್ಟೆಯ ಗಂಟು ಸಿಗಲಿಲ್ಲ. ಚೀಲವನ್ನು ಮಡಿಲಿಗೆ ಸುರಿದೆ. ಎದ್ದು ನಿಂತು ಬಸ್ಸು ತಿರುಗಿಸಲು ಹೇಳಿದೆ. ಸಿದ್ದಲಿಂಗೇಶ ಓಡಿ ಬಂದ. ಲಿಂಗ ಎಂದ ಕೂಡಲೇ ಅವನ ಮುಖವೂ ಇಳಿಯಿತು, ಅವನೂ ಕಟ್ಟಿಕೊಂಡವನೇ. "ಅಮ್ಮಾರ, ಇಲ್ಲೆ ಡ್ರೈವರ್ ದಿನಕ್ಕ ಇಷ್ಟೇ ತಾಸು ಓಡಿಸಬೇಕಂತ ಕಾಯ್ದೆ ಐತ್ರಿ. ಗಾಡ್ಯಾಗ ಮಷೀನ್ ಇಟ್ಟಾರ, ಎಲ್ಲಾ ಬರಕೊಂತೈತಿ. ತಿರುಗಿಸಾಕ ಬರೂದಿಲ್ರಿ" ಎಂದ. ನಮ್ಮ ಯಲಬುರ್ಗಾ ಬಸ್ಸಾಗಿದ್ದರೆ ಕುಕನೂರಿನಲ್ಲಿ ಇಳಿದು ಎದುರು ಬರುವ ಬಸ್ಸು ಹತ್ತುತ್ತಿದ್ದೆ. ಇಲ್ಲಿ ಇಳಿದು ಯಾರನ್ನು ಏನೆಂದು ಕೇಳಲಿ?

ನಿಮ್ಮ ಮುತ್ತಜ್ಜಿ, ಅಂದರೆ ನನ್ನ ಅಜ್ಜಿ, ಹೇಳುತ್ತಿದ್ದ ಕಥೆ ನಿನಗೂ ಹೇಳಿದ್ದೇನೆ. ಆಕೆಯ ತವರಿನಲ್ಲಿ ಒಬ್ಬಳ ಲಿಂಗ ಹಳ್ಳದಲ್ಲಿ ಜಾರಿ ಬಿತ್ತಂತೆ. ಊರಿಗೆ ಊರೇ ನೀರಿಗಿಳಿದು ಹುಡುಕಿದರೂ ಸಿಗಲಿಲ್ಲ. ಮೂರನೆಯ ದಿನ ಹೊತ್ತು ಮುಳುಗುವುದರೊಳಗೆ ಅವಳು ತೀರಿಕೊಂಡಳಂತೆ. "ಲಿಂಗ ಹ್ವಾದ್ರ, ಅದು ಯಾರದೋ ಅವರ ಜೀವಾನೂ ಅದರ ಬೆನ್ನ ಹತ್ತಿ ಹೊಕ್ಕೈತಿ" ಎಂದು ಅಜ್ಜಿ ಪ್ರತಿ ಸಲ ಕಥೆ ಮುಗಿಸುತ್ತಿದ್ದಳು. ಮೂರು ದಿನ ಹಳ್ಳದ ನೀರಿನಲ್ಲಿ ನಿಂತರೆ ಜ್ವರ ಬರದೆ ಏನಾಗುತ್ತದೆ ಎಂದು ನಿಮ್ಮಪ್ಪ ನಗುತ್ತಿದ್ದರು. ಅವರಿದ್ದಾಗ ನಾನೂ ನಗುತ್ತಿದ್ದೆ. ಗುರುವಾರ, ಶುಕ್ರವಾರ, ಶನಿವಾರ. ಇವತ್ತು ಮೂರನೆಯ ದಿನ ಭವಾನಿ. ಕಿಟಕಿಯಲ್ಲಿ ಬಿಸಿಲು ಸರಿಯುವುದನ್ನು ನೋಡುತ್ತ ಕುಳಿತಿದ್ದೇನೆ.

ಕಾರ್ಡೋಬಾದಲ್ಲಿ ಕಂಬ ನೋಡಿದೆ ಎಂದು ಹೇಳಬೇಕು. ಕೆಂಪು ಬಿಳಿ ಪಟ್ಟೆಯ ಕಮಾನು ಹೊತ್ತ ನೂರಾರು ಕಂಬ, ಎತ್ತ ತಿರುಗಿದರೂ ಕಂಬ. ನಿಮ್ಮಪ್ಪನ ಆಸೆಯ ಜಾಗದಲ್ಲಿ ನಿಂತು ನಾನು ಹೊರಗೆ ಹೋಗುವ ಬಾಗಿಲು ಯಾವ ಕಡೆ ಎಂದು ಹುಡುಕುತ್ತಿದ್ದೆ. ಆ ಮಸೀದಿಯ ನಡುವೆಯೇ ಈಗ ಚರ್ಚಿದೆ, ಅಲ್ಲಿ ನಮಾಜು ಮಾಡುವ ಹಾಗಿಲ್ಲ, ಕಾವಲಿನವರು ನೋಡುತ್ತಿರುತ್ತಾರೆ. ಸೈದಾನಬಿಯವರು ಕೈ ಇಳಿಬಿಟ್ಟು ತುಟಿ ಅಲುಗಿಸದೆ ಬಹಳ ಹೊತ್ತು ಒಂದೇ ಕಡೆ ನಿಂತಿದ್ದರು. ಹೊರಗೆ ಕಿತ್ತಳೆ ಗಿಡಗಳ ಅಂಗಳಕ್ಕೆ ಬಂದ ಮೇಲೆ ನನ್ನ ಕೈ ಹಿಡಿದು, "ನಿಮ್ಮ ಸಲುವಾಗಿ ಬೇಡಿಕೊಂಡೀನ್ರಿ ಅಕ್ಕಾ. ಬಾಯಿ ಮುಚ್ಚಿಸಬಹುದು, ಎದಿ ಮುಚ್ಚಿಸಾಕ ಬರ್ತೈತೇನ್ರಿ" ಎಂದರು. ಆಗ ಅಳು ಬಂತು. ಎಲ್ಲರೂ ಫೋಟೋ ತೆಗೆದುಕೊಳ್ಳುತ್ತಿದ್ದರು, ನಮ್ಮನ್ನು ಯಾರೂ ಗಮನಿಸಲಿಲ್ಲ.

ಸಿದ್ದಲಿಂಗೇಶ ಪಾಪ ಆವತ್ತೇ ಸೆವಿಲ್ ಹೋಟೆಲಿಗೆ ಫೋನು ಮಾಡಿದ. ಆ ಕೋಣೆಗೆ ಆಗಲೇ ಬೇರೆ ಜನ ಬಂದಿದ್ದರು. ಅವರು ಶನಿವಾರ ಕೋಣೆ ಬಿಡುತ್ತಾರೆ, ಆಮೇಲೆಯೇ ನೋಡಲಾಗುವುದು, ಒಳಗೆ ಏನಿದೆ, ನಾಲ್ಕು ಅಂಕಿ ಯಾವುದು ತಿಳಿಸಿ ಎಂದರಂತೆ. ಕರಿಯ ಕಲ್ಲು, ಕೋಳಿಮೊಟ್ಟೆಗಿಂತ ಚಿಕ್ಕದು, ಕೆಂಪು ಬಟ್ಟೆಯಲ್ಲಿದೆ ಎಂದು ಇವನು ಇಂಗ್ಲಿಷಿನಲ್ಲಿ ಹೇಳುವುದು ಕೇಳಿ, ಕಲ್ಲು ಅನ್ನಬೇಡ ಎಂದು ಅವನ ತೋಳು ಜಗ್ಗಿದೆ. ಕಲ್ಲು ಎಂದರೆ ಯಾರಾದರೂ ಕಸದಲ್ಲಿ ಎಸೆಯುವುದಿಲ್ಲವೇ? ಇವತ್ತು ನಾಲ್ಕು ಗಂಟೆಗೆ ಅಲ್ಲಿಂದ ಸುದ್ದಿ ಬರಬೇಕು. ಉಳಿದವರೆಲ್ಲ ಇಲ್ಲಿಯ ಗೈಡಿನ ಜೊತೆ ಅಲ್ಹಂಬ್ರಾ ಅರಮನೆ ನೋಡಲು ಹೋಗಿದ್ದಾರೆ. ನಾನೂ ಸೈದಾನಬಿಯವರೂ ಹೋಟೆಲಿನಲ್ಲೇ ಉಳಿದೆವು, ಸಿದ್ದಲಿಂಗೇಶ ಫೋನಿಗಾಗಿ ಕೆಳಗೆ ಕಾಯುತ್ತಿದ್ದಾನೆ. ಮೂರು ದಿನದಿಂದ ಹಾಲು ಮತ್ತು ಬಾಳೆಹಣ್ಣಿನ ಮೇಲೆ ಇದ್ದೇನೆ. ಅನ್ನ ಇಳಿಯುವುದಿಲ್ಲ.

ಹೆದರಿಕೆ ತಾಳದೆ ನಿನಗೆ ಫೋನು ಮಾಡಿದೆ. ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಜೊತೆ ಓದಿದ ಗೀತಾ ಸಿಕ್ಕಾಗ ನಿನ್ನ ನಂಬರು ಚೀಟಿಯಲ್ಲಿ ಬರೆದು ಕೊಟ್ಟಿದ್ದಳು. ಅವಳಿಂದಲೇ ತಿಳಿಯಿತು, ನಿನಗೆ ಏಳು ತಿಂಗಳು, ಬಿ.ಪಿ. ಏರುತ್ತಿದೆಯಂತೆ, ಡಾಕ್ಟರು ಮಲಗಿರಲು ಹೇಳಿದ್ದಾರಂತೆ. ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು ಎರಡು ವಾರ ಓಡಾಡಿದೆ, ಫೋನು ಮಾಡಲು ಮನಸ್ಸು ಬರಲಿಲ್ಲ. ಅಲ್ಲ, ಮನಸ್ಸು ಬಂತು, ಮುಖ ಬರಲಿಲ್ಲ. ಈಗ ಸೈದಾನಬಿಯವರ ಇಲ್ಲಿಯ ಸಿಮ್ಮಿನಿಂದ ನಿನ್ನೆ ಒಂದು ಸಲ, ಇವತ್ತು ಬೆಳಿಗ್ಗೆ ಒಂದು ಸಲ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಎರಡು ಸಲವೂ ಎತ್ತಲಿಲ್ಲ. ಒಂದು ಸಲ ನಿನ್ನ ದನಿ ಕೇಳಿದ್ದರೆ ಸಾಕಿತ್ತು. ಯಾಕೆ ಎತ್ತಲಿಲ್ಲ ಎಂದು ಬೆಳಿಗ್ಗೆಯಿಂದ ಏನೇನೋ ಯೋಚಿಸಿದ್ದೇನೆ, ಅದನ್ನೆಲ್ಲ ಇಲ್ಲಿ ಬರೆಯಲಾರೆ.

ಆರು ವರ್ಷದ ಹಿಂದಿನ ಮಾತು ಬರೆಯದೆ ಈ ಪತ್ರ ಮುಗಿಯುವುದಿಲ್ಲ. ನಾಗೇಶನನ್ನು ಮದುವೆಯಾಗುತ್ತೇನೆ ಎಂದು ನೀನು ಮನೆ ಬಿಟ್ಟ ದಿನ, ಲಿಂಗ ಬಿಚ್ಚಿ ದೇವರ ಜಗಲಿಯ ಮೇಲೆ ಇಟ್ಟು ಹೋದೆ. ಹುಡುಗ ಬೇರೆ ಜಾತಿ, ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್ ಎಂದು ನನಗೆ ಸಿಟ್ಟು. "ಲಿಂಗ ಬಿಟ್ಟಾಕಿ ನನ್ನ ಪಾಲಿಗೆ ಸತ್ತಂಗ" ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದೆ. ಹೋದವಳು ನೀನು, ನಾನೇನು ಮಾಡಲಿ ಎಂದು ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದೆ. ನಿಮ್ಮಪ್ಪನ ಮಣ್ಣಿನ ದಿನ, ಅವರ ಎಡಗೈಯಲ್ಲಿ ಲಿಂಗ ಇಟ್ಟು ಕೂರಿಸುವಾಗ, ನೀನು ದೂರದ ಬೇವಿನ ಗಿಡದ ಕೆಳಗೆ ನಿಂತಿದ್ದೆ. ನಾನು ನೋಡಿದೆ. ನೋಡಿಯೂ ಕರೆಯಲಿಲ್ಲ. ಯಲಬುರ್ಗಾದಿಂದ ಗಂಗಾವತಿಗೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ? ಅದನ್ನು ಹೋಗಲಾಗದವಳು ಸಮುದ್ರ ದಾಟಿ ಬಂದು ಕುಳಿತು ಪತ್ರ ಬರೆಯುತ್ತಿದ್ದೇನೆ.

ಮೂರೂವರೆಯಾಯಿತು. ಲಿಫ್ಟಿನ ಸದ್ದು ಆದಾಗಲೆಲ್ಲ ಎದ್ದು ಬಾಗಿಲು ತೆರೆದು ನೋಡುತ್ತೇನೆ. ಈ ಪತ್ರವನ್ನು ಇಲ್ಲಿಂದಲೇ ಅಂಚೆಗೆ ಹಾಕಿಸುತ್ತೇನೆ. ಊರಿಗೆ ತಂದರೆ ನಾನು ಮತ್ತೆ ಹಳೆಯ ಕಳಕಮ್ಮನೇ ಆಗಿ ಒಲೆಗೆ ಹಾಕಿಬಿಡುತ್ತೇನೆ, ನನ್ನನ್ನು ನಾನು ಬಲ್ಲೆ. ನೀನು ಮಲಗಿರು. ಉಪ್ಪು ಕಡಿಮೆ ತಿನ್ನು. ಭಾರ ಎತ್ತಬೇಡ.

ಹೊತ್ತು ಮುಳುಗುವುದನ್ನು ಹೆದರಿ ಕಾಯುತ್ತಿರುವ,
ನಿನ್ನ ಅವ್ವ
ಕಳಕಮ್ಮ

ತಾ.ಕ.: ಸಿಕ್ಕಿತು. ನಾಲ್ಕೂಕಾಲು ಗಂಟೆಗೆ ಸಿದ್ದಲಿಂಗೇಶ ಮೆಟ್ಟಿಲು ಹತ್ತಿಯೇ ಓಡಿ ಬಂದ. 312ನೇ ಕೋಣೆಯ ತಿಜೋರಿ ನಾನು ಹೇಳಿದ ಅಂಕಿಗೇ ತೆರೆಯಿತಂತೆ. ಅಲ್ಲಿಯವರು ಕಳಿಸಿದ ಫೋಟೋದಲ್ಲಿ ಹೋಟೆಲಿನ ಮೇಜಿನ ಮೇಲೆ ಕೆಂಪು ಬಟ್ಟೆಯ ಗಂಟು, ಯಾರೂ ಬಿಚ್ಚಿಲ್ಲ. ನಮ್ಮ ಟೂರಿನವರದೇ ಇನ್ನೊಂದು ಬಸ್ಸು ಸೆವಿಲ್‌ನಿಂದ ಬರುತ್ತಿದೆ, ಮಂಗಳವಾರ ನಾವು ವಿಮಾನ ಹತ್ತುವ ಮುಂಚೆ ಅದರವರು ನನ್ನ ಕೈಗೆ ಕೊಡುತ್ತಾರೆ.

ಅವನು ಹೋದ ಮೇಲೆ ಸೈದಾನಬಿಯವರು ಕೇಳಿದರು. "ದಿನಾ ಎರಡಕ್ಕ ಪೂಜಿ ಮಾಡ್ತಿದ್ರಿ ಅಕ್ಕಾ. ಒಂದು ನಿಮ್ಮ ಕೊರಳಾಗ ಐತಿ. ಕಳದದ್ದು ಯಾರದ್ರಿ?" ಮೂರು ದಿನದಿಂದ ಗೊತ್ತಿದ್ದೂ ಕೇಳಿರಲಿಲ್ಲ ಆ ಹೆಣ್ಣುಮಗಳು. ಅವರಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ನನ್ನದು ನನ್ನ ಕೊರಳಲ್ಲೇ ಇದೆ. ಕಳೆದದ್ದು ನಿನ್ನದು. ಆರು ವರ್ಷದಿಂದ ನನ್ನದರ ಜೊತೆ ಅದಕ್ಕೂ ನೀರು, ವಿಭೂತಿ, ಹೂವು ಕೊಡುತ್ತಿದ್ದೇನೆ. ಒಬ್ಬರ ಲಿಂಗವನ್ನು ಇನ್ನೊಬ್ಬರು ಪೂಜಿಸಬಾರದಂತೆ, ನಾನು ಯಾರನ್ನೂ ಕೇಳಲಿಲ್ಲ. ಬೀಗ ಹಾಕಿದ ಮನೆಯಲ್ಲಿ ನೀರಿಲ್ಲದೆ ಬಿಟ್ಟು ಬರಲು ಮನಸ್ಸಾಗದೆ ಜೊತೆಗೆ ತಂದೆ. ತಿಜೋರಿಯ ಅಂಕಿ ನೀನು ಹುಟ್ಟಿದ ತಾರೀಖು. ಅಜ್ಜಿಯ ಮಾತು ನೆನಪಿದೆಯಲ್ಲ, ಯಾರ ಲಿಂಗವೋ ಅವರ ಜೀವ. ಮೂರು ದಿನ ನಾನು ಹೆದರಿದ್ದು ನನ್ನ ಜೀವಕ್ಕಲ್ಲ.

ಇನ್ನೊಂದು ಸುಳ್ಳನ್ನೂ ಮೇಲೆ ಬರೆದಿದ್ದೇನೆ. ನೀನು ಬಿಚ್ಚಿಟ್ಟು ಹೋಗಲಿಲ್ಲ. ಹೊಸ್ತಿಲಲ್ಲಿ ಅಡ್ಡ ನಿಂತು, ಅದನ್ನು ಇಲ್ಲಿಟ್ಟು ಹೋಗು ಎಂದು ಕೈ ಚಾಚಿದವಳು ನಾನು. ನೀನು ಅಳುತ್ತ ಕೊಟ್ಟೆ. ಅದು ಬೆಚ್ಚಗಿತ್ತು.

ಸಿಕ್ಕಿತೆಂದರೂ ಸಮಾಧಾನವಾಗದೆ ಈಗ ಮತ್ತೆ ಫೋನು ಮಾಡಿದೆ. ಈ ಸಲ ಎತ್ತಿದ್ದು ನಿನ್ನ ಗಂಡ. "ಎರಡು ದಿನಾತು, ಹೊರದೇಶದ ನಂಬರಿಂದ ಫೋನ್ ಬರಾಕತ್ತೈತಿ. ಯಾರ್ರಿ ನೀವು?" ಎಂದರು. ಹಿಂದಿನಿಂದ ನೀನು, "ಇಡ್ರಿ ಅದನ್ನ, ಚಾ ಆರಾಕತ್ತೈತಿ" ಎಂದದ್ದು ಕೇಳಿಸಿತು. ಆ ದನಿ ಕೇಳಿದ ಮೇಲೆ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವರು ಮತ್ತೊಮ್ಮೆ ಯಾರು ಎಂದು ಕೇಳಿ ಇಟ್ಟುಬಿಟ್ಟರು. ಕೇಳಿದವರಿಗೆ ಉತ್ತರ ಕೊಡದೆ ಬಿಡಬಾರದು. ನೀನೇ ಹೇಳು, ಅವತ್ತು ಫೋನು ಮಾಡಿದ್ದು ಅವರ ಅತ್ತೆ ಎಂದು.